“ಅರಿವಿನ ಕೊರತೆ” ಎಂದು ಬರೆದ ವರದಿ ವಾಪಸ್ ಬಂದಿದೆ. ನಾನು ಕೇಳಿದ್ದರಲ್ಲಿ ತಪ್ಪೇನು?

ಮಂಗಳವಾರ_ಗುರುವಾರ
ಗುರುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮೂರನೇ ಸೆಮಿಸ್ಟರ್ ಓದುತ್ತಿದ್ದೇನೆ. ವಾರದಲ್ಲಿ ಎರಡು ದಿನ ಕ್ಷೇತ್ರಕಾರ್ಯ, ಇಲ್ಲಿ ನಾನು ಇಟ್ಟುಕೊಂಡ ಹೆಸರೂ ಅದೇ. ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಯಲ್ಲಿ ಶಾಲೆ ಬಿಟ್ಟ ಮಕ್ಕಳ ಪಟ್ಟಿ ಕೊಟ್ಟು, ಮನೆಭೇಟಿ ಮಾಡಿ ವರದಿ ಬರೆಯಲು ಹೇಳಿದ್ದರು. ಪಟ್ಟಿಯ ಮೊದಲ ಹೆಸರು ಹದಿಮೂರು ವರ್ಷದ ಹುಡುಗಿಯದು. ಆಗಸ್ಟ್ ಕೊನೆಯಿಂದ ಶಾಲೆಯ ಕಡೆ ಹೋಗಿಲ್ಲ. ತಾಯಿಯ ಜೊತೆ ನಡೆದ ಮಾತು ನೆನಪಿದ್ದಷ್ಟು ಹೀಗಿದೆ:

– ಮಗಳು ಯಾಕೆ ಶಾಲೆಗೆ ಹೋಗುತ್ತಿಲ್ಲ?
– ಆಕೆಗೆ ಮನಸ್ಸಿಲ್ಲ.
– ಓದು ಎಷ್ಟು ಮುಖ್ಯ ಎಂದು ನಿಮಗೆ ಗೊತ್ತಲ್ಲವೇ?
– ಹೂಂ.
– ಕೆಲಸಕ್ಕೆ ಕಳಿಸುತ್ತಿದ್ದೀರಾ?
– ಇಲ್ಲ.
– ಮನೆಯಲ್ಲಿ ಏನಾದರೂ ತೊಂದರೆ ಇದೆಯೇ?
– ಏನಿಲ್ಲ, ಆರಾಮವಾಗಿದ್ದೇವೆ.
– ಸೋಮವಾರದಿಂದ ಕಳಿಸುತ್ತೀರಾ?
– ಹೂಂ, ಕಳಿಸುತ್ತೇವೆ.

ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. “ಪೋಷಕರಲ್ಲಿ ಶಿಕ್ಷಣದ ಕುರಿತು ಅರಿವಿನ ಕೊರತೆ ಕಂಡುಬಂದಿತು. ಆಪ್ತ ಸಮಾಲೋಚನೆ ನಡೆಸಿ ಮನವೊಲಿಸಲಾಯಿತು” ಎಂದು ಬರೆದೆ. ಮೇಲ್ವಿಚಾರಕಿ ಎರಡೂ ವಾಕ್ಯಗಳಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, “ಇದು ಯಾರ ಕೊರತೆ?” ಎಂದು ಅಂಚಿನಲ್ಲಿ ಬರೆದು ಕಳಿಸಿದ್ದಾರೆ. ಸೋಮವಾರ ಹುಡುಗಿ ಶಾಲೆಗೆ ಬರಲೂ ಇಲ್ಲ.

ವ್ಯಕ್ತಿಗತ ಸಮಾಜಕಾರ್ಯದ ಪತ್ರಿಕೆಯಲ್ಲಿ ನನಗೆ 71 ಅಂಕ ಬಂದಿದೆ. ಸೇವಾರ್ಥಿಯ ಜೊತೆ ಹೇಗೆ ನಡೆದುಕೊಳ್ಳಬೇಕು ಎಂದು ಬೀಸ್ಟೆಕ್ ಎಂಬ ಚಿಂತಕ ಹೇಳಿದ ಏಳು ತತ್ತ್ವಗಳನ್ನು ನಡುರಾತ್ರಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಆದರೂ ಆ ಮನೆಯ ಅಂಗಳದಲ್ಲಿ ಏನಾಯಿತು ಎಂಬುದು ಅರ್ಥವಾಗುತ್ತಿಲ್ಲ. ದಯವಿಟ್ಟು ತಿಳಿದವರು ಹೇಳಿ.

ನಿರ್ವಾಹಕರು
ಗುರುವಾರ, ರಾತ್ರಿ 9:58

ಬರಹದಲ್ಲಿದ್ದ ಊರಿನ ಹೆಸರು ಮತ್ತು ಶಾಲೆಯ ಹೆಸರನ್ನು ತೆಗೆದಿದ್ದೇವೆ. ಮಗುವಿನ ಗುರುತು ಸಿಗುವಂಥ ಯಾವ ವಿವರವನ್ನೂ ಇಲ್ಲಿ ಹಾಕಬೇಡಿ. ಕೇಳಿದ್ದು ಒಳ್ಳೆಯ ಪ್ರಶ್ನೆ, ಚರ್ಚೆ ಮುಂದುವರಿಯಲಿ.

ಹಳೇ_ಬ್ಯಾಗು
ಗುರುವಾರ, ರಾತ್ರಿ 10:31

ತಂಗಿ, ಇಪ್ಪತ್ತನಾಲ್ಕು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. “ಅರಿವಿನ ಕೊರತೆ” ಎಂದು ನಾನೂ ನೂರಾರು ಸಲ ಬರೆದಿದ್ದೇನೆ, ಆದ್ದರಿಂದ ಬೈಯುವ ಹಕ್ಕು ನನಗಿಲ್ಲ. ಏನು ಬರೆಯಬೇಕೆಂದು ತೋಚದಾಗ ಕೈ ತಾನಾಗಿ ಬರೆಯುವ ಎರಡು ಪದಗಳು ಅವು.

ನಿಮ್ಮ ಐದು ಪ್ರಶ್ನೆಗಳನ್ನು ಮತ್ತೊಮ್ಮೆ ಓದಿ. ಮೊದಲನೆಯದು “ಯಾಕೆ”. ಕೈಯಲ್ಲಿ ಪೆನ್ನು ಹಿಡಿದು ಕುಳಿತವರು “ಯಾಕೆ” ಎಂದು ಕೇಳಿದರೆ ಅದು ಠಾಣೆಯ ಪ್ರಶ್ನೆಯಂತೆ ಕೇಳಿಸುತ್ತದೆ, ಎದುರಿನವರು ಕಾರಣ ಹೇಳುವುದಿಲ್ಲ, ಸಮಜಾಯಿಷಿ ಕೊಡುತ್ತಾರೆ. ಎರಡನೆಯದು ಪ್ರಶ್ನೆಯೇ ಅಲ್ಲ, ಬಾಲಕ್ಕೆ ಪ್ರಶ್ನಾರ್ಥಕ ಚಿಹ್ನೆ ಕಟ್ಟಿಕೊಂಡ ಉಪದೇಶ. ಉಳಿದ ಮೂರಕ್ಕೂ ಒಂದೊಂದು ಪದದಲ್ಲಿ ಉತ್ತರ ಹೇಳಿ ನಿಮ್ಮನ್ನು ಸಾಗಹಾಕಬಹುದು. ಅವರು ಸಾಗಹಾಕಿದ್ದಾರೆ.

ಇನ್ನು ಆ “ಹೂಂ”. ಪಠ್ಯದಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ. ನಮ್ಮಲ್ಲಿ “ಹೂಂ” ಎಂದರೆ ಒಪ್ಪಿದೆ ಎಂದಲ್ಲ. ಕೇಳಿಸಿತು ಎಂದು ಅರ್ಥ. ಕಥೆ ಹೇಳುವಾಗ ಮಕ್ಕಳು ಹೂಂಗುಟ್ಟುವುದಿಲ್ಲವೇ, ರಾಜ ಸತ್ತ ಎಂದರೂ ಹೂಂ, ರಾಣಿ ಓಡಿಹೋದಳು ಎಂದರೂ ಹೂಂ. ದೊಡ್ಡವರ ಎದುರು, ಅಧಿಕಾರದವರ ಎದುರು ಅದಕ್ಕೆ ಇನ್ನೊಂದು ಅರ್ಥವೂ ಇದೆ: ನೀವು ಬೇಗ ಹೊರಡಿ. ನೀವು ಅದನ್ನು “ಮನವೊಲಿಸಲಾಯಿತು” ಎಂದು ಅನುವಾದಿಸಿದ್ದೀರಿ.

ಎರಡು ವಿಷಯ ಹೇಳಿ. ಎಲ್ಲಿ ಕುಳಿತಿದ್ದಿರಿ? ಸುತ್ತ ಯಾರಿದ್ದರು?

ಮಂಗಳವಾರ_ಗುರುವಾರ
ಗುರುವಾರ, ರಾತ್ರಿ 10:52

ಸರ್, ಪಕ್ಕದ ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದರು, ಅಂಗಳದಲ್ಲಿ ಕುಳಿತೆ. ತಾಯಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು. ಅಜ್ಜಿ ಹೊರಸಿನ ಮೇಲಿದ್ದರು. ಹುಡುಗಿಯ ಚಿಕ್ಕಪ್ಪ ಬಂದು ಕಂಬದ ಬಳಿ ನಿಂತರು. ಪಕ್ಕದ ಮನೆಯ ಇಬ್ಬರು ಗೋಡೆಯ ಮೇಲಿನಿಂದ ನೋಡುತ್ತಿದ್ದರು. ನಾನು ಮೊಣಕಾಲ ಮೇಲೆ ಫೈಲ್ ಇಟ್ಟುಕೊಂಡು ಕೇಳುತ್ತ ಬರೆಯುತ್ತಿದ್ದೆ. ಹುಡುಗಿ ಒಳಗಿದ್ದಳು. ಒಮ್ಮೆ ಸ್ಟೀಲ್ ಲೋಟದಲ್ಲಿ ನೀರು ತಂದು ಹಿಡಿದಳು. ನನ್ನ ಬಳಿ ಬಾಟಲಿ ಇದ್ದದ್ದರಿಂದ ಬೇಡ ಎಂದೆ.

ಬರೆಯುವಾಗಲೇ ನಾಚಿಕೆಯಾಗುತ್ತಿದೆ.

ಒಮ್ಮೆ_ಸೇವಾರ್ಥಿ
ಶುಕ್ರವಾರ, ಬೆಳಿಗ್ಗೆ 6:15

ನಾನು ಸಮಾಜಕಾರ್ಯ ಓದಿದವಳಲ್ಲ. ನಿಮ್ಮ ಫೈಲಿನ ಒಳಗೆ ಇದ್ದವಳು. ನಿಮ್ಮ ಪುಸ್ತಕದಲ್ಲಿ ನಮ್ಮನ್ನು ಸೇವಾರ್ಥಿ ಎನ್ನುತ್ತಾರೆ ಎಂಬುದು ಆಮೇಲೆ ಗೊತ್ತಾಯಿತು, ಅದಕ್ಕೇ ಈ ಹೆಸರು.

ನೀರಿನ ವಿಷಯ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಮ್ಮ ಕೇರಿಯಲ್ಲಿ ಬಂದವರು ಲೋಟ ಮುಟ್ಟಲಿಲ್ಲ ಎಂದರೆ ಅದಕ್ಕೆ ಒಂದೇ ಅರ್ಥ. ನಿಮ್ಮ ಮನಸ್ಸಿನಲ್ಲಿ ಅದು ಇರಲಿಲ್ಲ ಎಂದು ನಾನು ನಂಬುತ್ತೇನೆ. ಆ ಮನೆಯವರು ಯಾಕೆ ನಂಬಬೇಕು? ಹೊಟ್ಟೆಗೆ ಆಗದಿದ್ದರೆ ಒಂದು ಗುಟುಕು ಕುಡಿದು ಲೋಟವನ್ನು ಕೈಯಲ್ಲೇ ಇಟ್ಟುಕೊಳ್ಳಿ.

ನನ್ನ ಮನೆಗೆ ಇಬ್ಬರು ಬಂದಿದ್ದರು, ಬೇರೆ ಬೇರೆ ಸಮಯದಲ್ಲಿ. ಮೊದಲು ಬಂದವರು ಅತ್ತೆಯ ಎದುರಿಗೇ, “ನಿಮ್ಮ ಗಂಡ ಹೊಡೆಯುತ್ತಾರೆಯೇ?” ಎಂದು ಕೇಳಿದರು. ಇಲ್ಲ ಎಂದೆ. ಅವರು ಬರೆದುಕೊಂಡು ಹೋದರು. ಆ ರಾತ್ರಿ ಏನಾಯಿತು ಎಂಬುದು ಅವರ ಕಾಗದದಲ್ಲಿ ಇಲ್ಲ.

ಏಳೆಂಟು ತಿಂಗಳ ಮೇಲೆ ಇನ್ನೊಬ್ಬ ಅಕ್ಕ ಬಂದರು. ಕಾಫಿ ಕುಡಿದರು, ಅತ್ತೆಯ ಮೊಣಕಾಲ ನೋವಿನ ಬಗ್ಗೆ ಅರ್ಧ ಗಂಟೆ ಕೇಳಿದರು. ಹೊರಡುವಾಗ, “ಅಂಗನವಾಡಿ ಎಲ್ಲಿದೆ ತೋರಿಸಿ ಬಾಮ್ಮ” ಎಂದು ನನ್ನನ್ನು ಜೊತೆಗೆ ಕರೆದುಕೊಂಡರು. ದಾರಿಯಲ್ಲಿ ನನ್ನ ಮುಖ ನೋಡಲೇ ಇಲ್ಲ, ಮುಂದೆ ನೋಡುತ್ತ ನಡೆದರು. ಅವರು ಕೇಳಿದ್ದು ಒಂದೇ ಮಾತು: “ಒಳಗಿನಿಂದ ಹಾಕಿಕೊಳ್ಳುವ ಚಿಲಕ ಇರುವ ಕೋಣೆ ಮನೆಯಲ್ಲಿ ಇದೆಯೇ?”

ನಾನು ನಿಂತುಬಿಟ್ಟೆ. ಆ ಚಿಲಕದ ವಿಷಯ ಕೇಳುವವರಿಗೆ ಎಲ್ಲವೂ ಗೊತ್ತಿರುತ್ತದೆ ಎಂದು ನನಗನಿಸಿತು. “ಇತ್ತು, ಕಿತ್ತುಹೋಗಿದೆ” ಎಂದೆ. ಅಲ್ಲಿಂದ ಮಾತು ಶುರುವಾಯಿತು. ಆಮೇಲೆ ಅವರು ಬರೆದದ್ದನ್ನು ನನಗೆ ಓದಿ ಹೇಳಿದರು. ನಾನು “ಕೈ ಮಾಡುತ್ತಾರೆ” ಎಂದಿದ್ದೆ. ಅವರೂ “ಕೈ ಮಾಡುತ್ತಾರೆ” ಎಂದೇ ಬರೆದಿದ್ದರು. ದೌರ್ಜನ್ಯ ಎಂದು ಬರೆದಿದ್ದರೆ ಅದು ಬೇರೆ ಯಾರದೋ ಮನೆಯ ಕಥೆ ಎನಿಸುತ್ತಿತ್ತು.

ಅಂಕಿಅಂಶ
ಶುಕ್ರವಾರ, ಬೆಳಿಗ್ಗೆ 9:20

ಓದಲು ಚೆನ್ನಾಗಿದೆ. ಈಗ ನೆಲಕ್ಕೆ ಇಳಿಯೋಣವೇ?

ನಾನು ಗುತ್ತಿಗೆ ನೌಕರ. ನನ್ನ ಮೇಜಿನ ಮೇಲೆ ಈ ಹೊತ್ತಿಗೆ ಅರವತ್ತಕ್ಕೂ ಹೆಚ್ಚು ಫೈಲುಗಳಿವೆ. 2015ರ ಬಾಲನ್ಯಾಯ ಕಾಯ್ದೆಯ 36ನೇ ಕಲಮಿನ ಪ್ರಕಾರ ಸಾಮಾಜಿಕ ತನಿಖೆ ಹದಿನೈದು ದಿನದಲ್ಲಿ ಮುಗಿಯಬೇಕು, ಮಕ್ಕಳ ಕಲ್ಯಾಣ ಸಮಿತಿ ನಾಲ್ಕು ತಿಂಗಳಲ್ಲಿ ಅಂತಿಮ ಆದೇಶ ಕೊಡಬೇಕು. ಅತ್ತೆಯ ಮೊಣಕಾಲಿನ ಕಥೆ ಕೇಳಲು ಅರ್ಧ ಗಂಟೆ, ಅಂಗನವಾಡಿಯ ತನಕ ನಡೆಯಲು ಇನ್ನರ್ಧ ಗಂಟೆ. ಜೀಪಿಲ್ಲ, ಬಸ್ಸು ದಿನಕ್ಕೆ ಎರಡು. ಇಪ್ಪತ್ತು ನಿಮಿಷ ಕೊಟ್ಟ ಈ ವಿದ್ಯಾರ್ಥಿನಿಯೇ ನನಗಿಂತ ಹೆಚ್ಚು ಸಮಯ ಕೊಟ್ಟಿದ್ದಾರೆ. ತನಿಖಾ ವರದಿಗೆ ಸಿದ್ಧ ನಮೂನೆ ಇರುವುದು ಇದಕ್ಕಾಗಿಯೇ. ಕಾಲಂ ತುಂಬಿದರೆ ಕನಿಷ್ಠ ಯಾವುದೂ ಬಿಟ್ಟುಹೋಗುವುದಿಲ್ಲ.

ಹಳೇ_ಬ್ಯಾಗು
ಶುಕ್ರವಾರ, ಮಧ್ಯಾಹ್ನ 1:05

ಅಂಕಿಅಂಶ ಅವರೇ, ನಿಮ್ಮ ಕಷ್ಟ ಸುಳ್ಳಲ್ಲ. ಅರವತ್ತು ಫೈಲು ಕೊಟ್ಟವರನ್ನು ಬಿಟ್ಟು ನಿಮ್ಮನ್ನು ದೂರುವುದು ತಪ್ಪಾಗುತ್ತದೆ. ಆದರೆ ನಮೂನೆಯ ಬಗ್ಗೆ ನನ್ನದೊಂದು ತಕರಾರಿದೆ. ಪೋಷಣೆ ಮತ್ತು ರಕ್ಷಣೆ ಬೇಕಿರುವ ಮಕ್ಕಳಿಗೆ 22ನೇ ನಮೂನೆ ಇದೆ, ಕಾನೂನಿನೊಂದಿಗೆ ಸಂಘರ್ಷದಲ್ಲಿರುವ ಮಕ್ಕಳಿಗೆ 6ನೇ ನಮೂನೆ. ಎರಡೂ ಒಳ್ಳೆಯ ನಮೂನೆಗಳೇ. ಆದರೆ ಅವುಗಳ ಕಾಲಂಗಳ ಸರದಿ ಓದುವವರ ಅನುಕೂಲಕ್ಕೆ ಇರುವುದು, ಕೇಳುವವರ ಅನುಕೂಲಕ್ಕಲ್ಲ. ಹೆಸರು, ವಯಸ್ಸು, ಜಾತಿ, ಧರ್ಮ ಎಂದು ಮೇಲಿನಿಂದ ಶುರು ಮಾಡಿದರೆ ಮೂರನೇ ಪ್ರಶ್ನೆಗೇ ಮನೆಯ ಬಾಗಿಲು ಮುಚ್ಚಿಕೊಳ್ಳುತ್ತದೆ, ಎದುರಿಗೆ ತೆರೆದೇ ಇದ್ದಂತೆ ಕಾಣುತ್ತಿರುತ್ತದೆ ಅಷ್ಟೇ.

ನಾನು ನಮೂನೆಯನ್ನು ಬಾಯಿಪಾಠ ಮಾಡಿಕೊಂಡೆ. ಹಳೇ ಬ್ಯಾಗಿನಲ್ಲಿ ಅದು ಇರುತ್ತದೆ, ಮನೆಯಲ್ಲಿ ಹೊರಗೆ ತೆಗೆಯುವುದಿಲ್ಲ. ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕುಳಿತು ತುಂಬುತ್ತೇನೆ. ಕೇಳುವ ಪ್ರಶ್ನೆ ಒಂದೇ: “ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವ ತನಕ ಏನೇನಾಯಿತು ಹೇಳಿ.” ಯಾರು ನೀರು ತಂದರು, ಯಾರು ಒಲೆ ಹಚ್ಚಿದರು, ಯಾರು ಎಷ್ಟು ಹೊತ್ತಿಗೆ ಹೊರಗೆ ಹೋದರು, ಸಂಜೆ ಯಾರಿಗೆ ಊಟ ಕಡಿಮೆಯಾಯಿತು, ಎಲ್ಲವೂ ಅದರೊಳಗೆ ಬರುತ್ತದೆ. ಅರ್ಧ ನಮೂನೆ ತಾನಾಗಿ ತುಂಬುತ್ತದೆ. ಸಮಯವೂ ಉಳಿಯುತ್ತದೆ, ಎರಡನೇ ಸಲ ಹೋಗುವುದು ತಪ್ಪುತ್ತದೆ.

ಹೆಸರು, ಅಂಕಿ ಮತ್ತು ತಾರೀಖನ್ನು ಮಾತ್ರ ಅಲ್ಲೇ ಬರೆದುಕೊಳ್ಳಿ, ಅದೂ “ಮರೆತುಹೋಗುತ್ತದೆ, ಬರೆದುಕೊಳ್ಳಲೇ?” ಎಂದು ಕೇಳಿ. ಮೊಬೈಲ್‌ನಲ್ಲಿ ಟೈಪ್ ಮಾಡಬೇಡಿ. ನೀವು ಫೋಟೊ ತೆಗೆಯುತ್ತಿದ್ದೀರಿ ಎಂದುಕೊಳ್ಳುತ್ತಾರೆ.

ಎಡದಂಡೆ
ಶುಕ್ರವಾರ, ಸಂಜೆ 7:44

ನಾನು ರೈತರ ಮನೆಯವನು, ಈಗ ಮೇಷ್ಟ್ರು. ಇಲ್ಲಿ ಎಲ್ಲರೂ ಮಾತಿನ ಬಗ್ಗೆ ಹೇಳುತ್ತಿದ್ದೀರಿ. ನನ್ನದು ಬೇರೆ ಪ್ರಶ್ನೆ. ಮೇಡಂ, ಆ ಹುಡುಗಿ ಲೋಟ ಹಿಡಿದಾಗ ಅವಳ ಬೆರಳುಗಳನ್ನು ನೋಡಿದಿರಾ? ಮುಖ್ಯವಾಗಿ ಹೆಬ್ಬೆರಳಿನ ಉಗುರು?

ಆಗಸ್ಟ್ ಕೊನೆಯಿಂದ ಎಂದಿರಿ, ಕೊಪ್ಪಳ ಜಿಲ್ಲೆ ಎಂದಿರಿ, ಹದಿಮೂರರ ಹುಡುಗಿ ಎಂದಿರಿ. ನನ್ನ ತಲೆಗೆ ಮೊದಲು ಬಂದದ್ದು ಹತ್ತಿ ಬೀಜದ ಹೊಲ. ಹೈಬ್ರಿಡ್ ಬೀಜ ತಯಾರಿಸಲು ಹೂವಿಗೆ ಹೂವು ಕೈಯಿಂದಲೇ ಪರಾಗ ಮುಟ್ಟಿಸಬೇಕು. ಜನ ಇದನ್ನು ಕ್ರಾಸಿಂಗ್ ಎನ್ನುತ್ತಾರೆ. ಮಧ್ಯಾಹ್ನದಿಂದ ಸಂಜೆಯವರೆಗೆ, ಮರುದಿನ ಅರಳಲಿರುವ ಮೊಗ್ಗಿನ ಎಸಳು ಮತ್ತು ಕೇಸರಗಳನ್ನು ಹೆಬ್ಬೆರಳಿನ ಉಗುರಿನಿಂದ ಸುತ್ತ ಸೀಳಿ ತೆಗೆಯಬೇಕು, ಒಳಗಿನ ಕಡ್ಡಿಗೆ ಪೆಟ್ಟಾಗಬಾರದು. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂ ಕಿತ್ತು ತಂದು ಅದಕ್ಕೆ ಪರಾಗ ಸವರಬೇಕು. ಬೆಳಿಗ್ಗೆ ಒಂದು ಪಾಳಿ, ಮಧ್ಯಾಹ್ನ ಇನ್ನೊಂದು. ನಡುವೆ ಶಾಲೆಗೆ ಎಲ್ಲಿದೆ ಜಾಗ? ಗಿಡ ಎಳೆಯ ಮಕ್ಕಳ ಎತ್ತರ, ಹುಡುಗಿಯರ ಬೆರಳು ನಾಜೂಕು ಎಂದು ಹೇಳಿ ಅವರನ್ನೇ ಕರೆಯುತ್ತಾರೆ.

ಇನ್ನೊಂದು ವಿಷಯ. ನೀವು “ಕೆಲಸಕ್ಕೆ ಕಳಿಸುತ್ತಿದ್ದೀರಾ?” ಎಂದು ಕೇಳಿದ್ದಕ್ಕೆ ತಾಯಿ ಇಲ್ಲ ಎಂದರು. ಸುಳ್ಳು ಹೇಳಿದರು ಎಂದುಕೊಳ್ಳಬೇಡಿ. ನಮ್ಮ ಕಡೆ ಕೆಲಸ ಎಂದರೆ ಬೇರೆಯವರ ಕೂಲಿ. ಸ್ವಂತ ಹೊಲಕ್ಕೋ ಅಣ್ಣತಮ್ಮಂದಿರ ಹೊಲಕ್ಕೋ ಹೋಗುವುದನ್ನು “ಹೊಲಕ್ಕೆ ಹೋಗುವುದು” ಎನ್ನುತ್ತಾರೆ. ನಿಮ್ಮ ಪದಕ್ಕೆ ಅವರು ಸರಿಯಾದ ಉತ್ತರವನ್ನೇ ಕೊಟ್ಟಿದ್ದಾರೆ.

ಮಂಗಳವಾರ_ಗುರುವಾರ
ಶುಕ್ರವಾರ, ರಾತ್ರಿ 8:10

ಸರ್, ನೋಡಿದ್ದೆ. ಬೆರಳ ತುದಿ ಹಳದಿಯಾಗಿತ್ತು. ಅಡುಗೆಯ ಅರಿಶಿನ ಎಂದುಕೊಂಡೆ.

ಚಿಕ್ಕಪ್ಪ ಕಂಬದ ಬಳಿ ಬಂದು ನಿಂತದ್ದು ಯಾಕೆ ಎಂದು ಈಗ ಅನ್ನಿಸುತ್ತಿದೆ. ಮಂಗಳವಾರ ಹೋಗಿ ನೇರವಾಗಿ ಕ್ರಾಸಿಂಗ್ ವಿಷಯ ಕೇಳಿಬಿಡುತ್ತೇನೆ.

ವಾರ್ಡ್_ನಂಬರ್_4
ಶುಕ್ರವಾರ, ರಾತ್ರಿ 10:25

ತಡೆಯಿರಿ! ನಿಮ್ಮ ಮೊದಲ ತಪ್ಪಿಗಿಂತ ಎರಡನೆಯದು ದೊಡ್ಡದಾಗುತ್ತದೆ. ಗುರುವಾರ “ಅರಿವಿನ ಕೊರತೆ” ಎಂಬ ಉತ್ತರ ಕೈಯಲ್ಲಿತ್ತು, ಈಗ “ಕ್ರಾಸಿಂಗ್” ಎಂಬ ಉತ್ತರ ಕೈಯಲ್ಲಿದೆ. ಎರಡೂ ಸಲ ಉತ್ತರ ನಿಮ್ಮದೇ.

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯಕೀಯ ಸಮಾಜ ಕಾರ್ಯಕರ್ತೆ. ಮಧುಮೇಹದಿಂದ ಪಾದಕ್ಕೆ ಹುಣ್ಣಾದ ಒಬ್ಬರು ಡ್ರೆಸ್ಸಿಂಗ್‌ಗೆ ಬರುವುದನ್ನು ನಿಲ್ಲಿಸಿದ್ದರು. ಕೇಸ್ ಶೀಟಿನಲ್ಲಿ “ರೋಗಿಯ ನಿರ್ಲಕ್ಷ್ಯ” ಎಂದಿತ್ತು. ನಾನು ಜಾಣೆ, ಇದು ಬಡತನದ ಸಮಸ್ಯೆ ಎಂದುಕೊಂಡು ಫೋನ್ ಮಾಡಿದೆ. “ಬಸ್ಸಿಗೆ ದುಡ್ಡಿದೆಯೇ?” ಎಂದರೆ “ಇದೆ” ಎಂದರು. “ಕರೆದುಕೊಂಡು ಬರಲು ಯಾರಾದರೂ ಇದ್ದಾರೆಯೇ?” ಎಂದರೆ “ಇದ್ದಾರೆ, ಪರವಾಗಿಲ್ಲ ಮೇಡಂ” ಎಂದರು. ಮೂರನೇ ಫೋನಿನಲ್ಲಿ ನನ್ನ ಸಲಹೆಗಳೆಲ್ಲ ಖಾಲಿಯಾಗಿದ್ದವು. ಸುಮ್ಮನಿದ್ದೆ, ಅವರೂ ಸುಮ್ಮನಿದ್ದರು. ಆಮೇಲೆ ಅವರೇ ಹೇಳಿದರು: ಪಟ್ಟಿ ಕಟ್ಟಿದ ಮೇಲೆ ಚಪ್ಪಲಿ ಕಾಲಿಗೆ ಹೋಗುವುದಿಲ್ಲ. ಬರಿಗಾಲಲ್ಲಿ ಬಸ್ಸು ಹತ್ತಿದರೆ ಗಾಯದ ವಾಸನೆಗೆ ಪಕ್ಕದವರು ಎದ್ದು ಹೋಗುತ್ತಾರೆ. ಒಮ್ಮೆ ಹಾಗಾಯಿತು, ಅಂದಿನಿಂದ ಬಂದಿಲ್ಲ.

ನಿರ್ಲಕ್ಷ್ಯವೂ ಅಲ್ಲ, ಬಡತನವೂ ಅಲ್ಲ. ಅದಕ್ಕೆ ಯಾವ ನಮೂನೆಯಲ್ಲೂ ಕಾಲಂ ಇಲ್ಲ.

ಸಮಾಜಕಾರ್ಯದ ಮೊದಲ ತಲೆಮಾರಿನ ಲೇಖಕಿ ಮೇರಿ ರಿಚ್ಮಂಡ್ 1917ರಲ್ಲೇ ಇದರ ಬಗ್ಗೆ ಬರೆದಿದ್ದಾರೆ, ಕಂಡದ್ದು ಬೇರೆ, ಅದರಿಂದ ಊಹಿಸಿದ್ದು ಬೇರೆ ಎಂದು. ನಾವು ಅವರ ಹೆಸರು ಮತ್ತು ಇಸವಿಯನ್ನು ಪರೀಕ್ಷೆಗೆ ನೆನಪಿಟ್ಟುಕೊಂಡು ವಿಷಯ ಮರೆಯುತ್ತೇವೆ. ನನ್ನ ನೋಟ್‌ಬುಕ್ಕಿನ ಪುಟವನ್ನು ನಡುವೆ ಗೆರೆ ಎಳೆದು ಎರಡು ಮಾಡಿಕೊಂಡಿದ್ದೇನೆ. ಎಡಕ್ಕೆ ಕಂಡದ್ದು, ಕೇಳಿದ್ದು: “ಬೆರಳ ತುದಿ ಹಳದಿ.” ಬಲಕ್ಕೆ ನನ್ನ ಊಹೆ: “ಅರಿಶಿನ? ಪರಾಗ?” ಬಲಗಡೆಯದನ್ನು ಪೆನ್ಸಿಲ್‌ನಲ್ಲಿ ಮಾತ್ರ ಬರೆಯುತ್ತೇನೆ.

ಮತ್ತೆ, ನೀವು ಹೋಗಿ ಚಿಕ್ಕಪ್ಪನ ಎದುರು “ಕ್ರಾಸಿಂಗ್” ಎಂದರೆ ಆ ತಾಯಿ ಸಂಜೆ ಯಾರಿಗೆ ಉತ್ತರ ಕೊಡಬೇಕು? ಮೇಲೆ ಒಬ್ಬ ಅಕ್ಕ ಬರೆದದ್ದನ್ನು ಮತ್ತೊಮ್ಮೆ ಓದಿ.

ಮಳೆಯೂರು
ಶನಿವಾರ, ಮಧ್ಯಾಹ್ನ 2:30

ಹಾಸನದವನು, ಇಂಗ್ಲೆಂಡಿನಲ್ಲಿ ವಯಸ್ಸಾದವರ ಆರೈಕೆ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿ 2014ರ ಕೇರ್ ಆ್ಯಕ್ಟ್ ಪ್ರಕಾರ ಆರೈಕೆ ಬೇಕೆನಿಸುವ ಯಾರನ್ನೇ ಆಗಲಿ ಸ್ಥಳೀಯ ಆಡಳಿತ ಅಸೆಸ್‌ಮೆಂಟ್ (ಯಾವ ನೆರವು ಬೇಕೆಂಬ ಪರಿಶೀಲನೆ) ಮಾಡಲೇಬೇಕು, ಅವರನ್ನು ನೋಡಿಕೊಳ್ಳುವ ಮನೆಯವರಿಗೂ ಪ್ರತ್ಯೇಕ ಅಸೆಸ್‌ಮೆಂಟ್ ಇದೆ. ಕಾಗದದ ಮೇಲೆ ಬಹಳ ಅಚ್ಚುಕಟ್ಟು. ಆದರೆ ಹಳೇ ಬ್ಯಾಗು ಅವರ “ಹೂಂ” ಸಮುದ್ರ ದಾಟಿಯೂ ಬಂದಿದೆ.

ಮಗನ ಮನೆಯಲ್ಲಿರುವ ಒಬ್ಬ ಕನ್ನಡದ ಅಜ್ಜಿ ಬಿದ್ದು ಆಸ್ಪತ್ರೆ ಸೇರಿದ್ದರು. ಮನೆಗೆ ಕಳಿಸುವ ಮೊದಲು ಅಡುಗೆಮನೆಯಲ್ಲಿ ಓಡಾಡಬಲ್ಲರೇ ಎಂದು ನೋಡಲು ಚಹಾ ಮಾಡಿಸುತ್ತಾರೆ. ಎಲೆಕ್ಟ್ರಿಕ್ ಕೆಟಲ್, ಟೀ ಬ್ಯಾಗು, ಫ್ರಿಜ್ಜಿನ ತಣ್ಣಗಿನ ಹಾಲು. ಅಜ್ಜಿ ಕೆಟಲನ್ನು ಸುತ್ತ ನೋಡಿ, ಬ್ಯಾಗನ್ನು ಹರಿದು ಪುಡಿ ಸುರಿದು, ನಿಂತರು. “ಗೊಂದಲದಲ್ಲಿದ್ದಾರೆ, ಕೆಲಸದ ಹಂತಗಳು ನೆನಪಿಲ್ಲ” ಎಂದು ದಾಖಲಾಯಿತು. ಸೊಸೆ ಅನುವಾದ ಮಾಡುತ್ತಿದ್ದರು, ಅಜ್ಜಿ ಎಲ್ಲದಕ್ಕೂ ಹೂಂ. ಕನ್ನಡ ಬರುತ್ತದೆ ಎಂದು ನನ್ನನ್ನು ಕರೆದರು. ನಾನು ಹೊಸದಾಗಿ ಏನೂ ಮಾಡಲಿಲ್ಲ. ಒಂದು ಪಾತ್ರೆ, ಹಾಲು, ಕಾಫಿ ಪುಡಿ, ಸಕ್ಕರೆ ತರಿಸಿ, “ನನಗೊಂದು ಲೋಟ ಕಾಫಿ ಮಾಡಿಕೊಡುತ್ತೀರಾ ಅಜ್ಜಿ?” ಎಂದೆ. ಹಾಲು ಉಕ್ಕುವ ಮೊದಲೇ ಉರಿ ತಗ್ಗಿಸಿದರು, ನನಗೆ ಸಕ್ಕರೆ ಎಷ್ಟು ಎಂದು ಕೇಳಿದರು, “ನಿನ್ನ ಊರು ಯಾವುದಪ್ಪ?” ಎಂದೂ ಕೇಳಿದರು.

ಪರೀಕ್ಷೆ ನಡೆದದ್ದು ಕೆಟಲಿನದು, ಅಜ್ಜಿಯದಲ್ಲ. 2005ರ ಮೆಂಟಲ್ ಕೆಪಾಸಿಟಿ ಆ್ಯಕ್ಟ್‌ನ ಮೊದಲ ತತ್ತ್ವವೇ ಇದು: ಬೇರೆ ರುಜುವಾತಾಗುವ ತನಕ ವ್ಯಕ್ತಿ ತನ್ನ ನಿರ್ಧಾರ ತಾನೇ ಮಾಡಲು ಸಮರ್ಥ ಎಂದೇ ತಿಳಿಯಬೇಕು. ಅದು ಎಲ್ಲರಿಗೂ ಬಾಯಿಪಾಠ ಇತ್ತು.

ಅಂಕಿಅಂಶ
ಶನಿವಾರ, ರಾತ್ರಿ 9:00

ನಿನ್ನೆ ಸ್ವಲ್ಪ ಖಾರವಾಗಿ ಬರೆದೆ. ನೀವು ಮಂಗಳವಾರ ಹೋಗುವ ಮೊದಲು ಕಾನೂನಿನ ಒಂದು ಎಳೆ ತಿಳಿದಿರಲಿ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಹದಿನಾಲ್ಕು ತುಂಬದ ಮಗುವನ್ನು ಯಾವ ಕೆಲಸಕ್ಕೂ ಹಚ್ಚುವಂತಿಲ್ಲ. ಕುಟುಂಬಕ್ಕೆ ನೆರವಾಗುವುದಕ್ಕೆ ವಿನಾಯಿತಿ ಇದೆ, ತಂದೆ ತಾಯಿಯ ಅಣ್ಣತಮ್ಮ ಅಕ್ಕತಂಗಿಯರೂ ಆ ಕುಟುಂಬದ ವ್ಯಾಖ್ಯೆಯಲ್ಲಿ ಬರುತ್ತಾರೆ. ಅಂದರೆ ಚಿಕ್ಕಪ್ಪನ ಹೊಲ ಎಂಬ ನೆಪ ಅರ್ಧ ನಡೆಯುತ್ತದೆ. ಆದರೆ ವಿನಾಯಿತಿ ಇರುವುದು ಶಾಲೆ ಬಿಟ್ಟ ನಂತರದ ಹೊತ್ತಿಗೆ ಅಥವಾ ರಜೆಗೆ ಮಾತ್ರ, ಅದೂ ಅಪಾಯಕಾರಿ ಕೆಲಸ ಆಗಿರಬಾರದು. ಔಷಧ ಹೊಡೆದ ಹೊಲ ಎಂಬುದನ್ನೂ ಮರೆಯಬೇಡಿ. ಇದನ್ನು ಅಲ್ಲಿ ಹೇಳಲು ಹೋಗಬೇಡಿ, ನಿಮ್ಮ ತಲೆಯಲ್ಲಿರಲಿ.

ಮಂಗಳವಾರ_ಗುರುವಾರ
ಭಾನುವಾರ, ಬೆಳಿಗ್ಗೆ 11:20

ಎಲ್ಲರಿಗೂ ಧನ್ಯವಾದ. ಒಂದು ಭಯ ಇದೆ. ಹುಡುಗಿ ಏನಾದರೂ ಹೇಳಿ, “ಯಾರಿಗೂ ಹೇಳಬೇಡಿ ಅಕ್ಕಾ” ಎಂದರೆ? ಗೋಪ್ಯತೆ ನಮ್ಮ ತತ್ತ್ವವಲ್ಲವೇ?

ಹಳೇ_ಬ್ಯಾಗು
ಭಾನುವಾರ, ಮಧ್ಯಾಹ್ನ 12:02

“ಯಾರಿಗೂ ಹೇಳುವುದಿಲ್ಲ” ಎಂದು ಯಾವ ಮಗುವಿಗೂ ಮಾತು ಕೊಡಬೇಡಿ. ಲೈಂಗಿಕ ದೌರ್ಜನ್ಯದ ವಿಷಯ ಕಿವಿಗೆ ಬಿದ್ದರೆ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ನೀವು ಪೊಲೀಸರಿಗೆ ತಿಳಿಸಲೇಬೇಕು, ವಿದ್ಯಾರ್ಥಿನಿ ಎಂಬ ವಿನಾಯಿತಿ ಇಲ್ಲ. ಮಾತು ಶುರುವಾಗುವ ಮೊದಲೇ ಹೇಳಿ: “ನೀನು ಹೇಳಿದ್ದನ್ನು ಊರವರಿಗೆ ಹೇಳುವುದಿಲ್ಲ. ನಿನಗೆ ಅಪಾಯ ಇದೆ ಎನಿಸಿದರೆ ಮಾತ್ರ ಸಹಾಯ ಮಾಡುವವರಿಗೆ ಹೇಳುತ್ತೇನೆ, ಹೇಳುವ ಮೊದಲು ನಿನಗೆ ತಿಳಿಸುತ್ತೇನೆ.” ಮಗು ಮೌನವಾದರೆ ಆಗಲಿ. 1098 ಎಂಬ ಮಕ್ಕಳ ಸಹಾಯವಾಣಿಯ ನಂಬರನ್ನು ಹೇಳಿ ಬನ್ನಿ. ಮೋಸ ಮಾಡಿ ಹೇಳಿಸಿಕೊಂಡ ಸತ್ಯಕ್ಕಿಂತ ಅದು ವಾಸಿ.

ಒಮ್ಮೆ_ಸೇವಾರ್ಥಿ
ಭಾನುವಾರ, ಸಂಜೆ 5:40

ಬರಿಗೈಯಲ್ಲಿ ಹೋಗಿ. ಫೈಲು ಬೇಡ.

ಮಂಗಳವಾರ_ಗುರುವಾರ
ಗುರುವಾರ, ರಾತ್ರಿ 10:15

ಹೋಗಿ ಬಂದೆ. ಬೇಕೆಂದೇ ಮಧ್ಯಾಹ್ನ ಎರಡರ ಹೊತ್ತಿಗೆ ಹೋದೆ, ಆಗ ಅಂಗಳದಲ್ಲಿ ತಾಯಿ ಮತ್ತು ಅಜ್ಜಿ ಮಾತ್ರ ಇದ್ದರು. ತಾಯಿ ಮೊರದಲ್ಲಿ ಸಜ್ಜೆ ಕೇರುತ್ತಿದ್ದರು. ಕುರ್ಚಿ ತರಲು ಎದ್ದರು, ಬೇಡ ಎಂದು ಕಟ್ಟೆಯ ಮೇಲೆ ಕುಳಿತೆ. ಮೊದಲು ನಾನೇ ನೀರು ಕೇಳಿ ಕುಡಿದೆ. “ಹೋದ ಸಲ ಬಂದು ಬಹಳ ಮಾತಾಡಿಬಿಟ್ಟೆ” ಎಂದೆ. ಅವರು ನಕ್ಕರು. ಆ ನಗು ನನಗೆ ಬೇಕಿತ್ತು.

“ನಿನ್ನೆ ಬೆಳಿಗ್ಗೆಯಿಂದ” ಎಂದು ಕೇಳಿದೆ. ಒಂದೂವರೆ ಗಂಟೆ ಹಿಡಿಯಿತು. ಮಗಳು ಏಳಕ್ಕೆ ಎದ್ದು, ಬುತ್ತಿ ಕಟ್ಟಿಕೊಂಡು, ಚಿಕ್ಕಪ್ಪನ ಹೊಲಕ್ಕೆ ಹೋಗುತ್ತಾಳೆ, ಸಂಜೆ ಬರುತ್ತಾಳೆ. ಎಡದಂಡೆ ಸರ್ ಹೇಳಿದ್ದೇ. ನಾನು ಆ ಪದ ಹೇಳಲಿಲ್ಲ, ಅವರೇ ಹೇಳಿದರು. ತಂದೆ ಮಂಗಳೂರಿನಲ್ಲಿ ಕಟ್ಟಡದ ಕೆಲಸದಲ್ಲಿದ್ದಾರೆ, ದೀಪಾವಳಿಗೆ ಬರುತ್ತಾರೆ. ಬೀಜದ ಕಡೆಯವರು ಚಿಕ್ಕಪ್ಪನಿಗೆ ಮುಂಗಡ ಕೊಟ್ಟಿದ್ದಾರೆ, ಅದರಲ್ಲಿ ಒಂದಷ್ಟು ಈ ಮನೆಗೂ ಬಂದಿದೆ, ಅಜ್ಜಿಯ ಕಣ್ಣಿನ ಆಪರೇಷನ್‌ಗೆ.

ಇಷ್ಟಾದ ಮೇಲೆ ನನಗೆ ಎಲ್ಲ ಗೊತ್ತಾಯಿತು ಎಂದುಕೊಂಡೆ. ಅಷ್ಟರಲ್ಲಿ ಹುಡುಗಿಯೇ ಬಂದಳು, ಅಂದು ಹೊಲದಲ್ಲಿ ಬೇಗ ಬಿಟ್ಟಿದ್ದರು. ತಾಯಿ ಎದ್ದು ಒಳಗೆ ಹೋದರು, ನಮಗೆ ಜಾಗ ಮಾಡಿಕೊಟ್ಟರೋ ಏನೋ. ಗೋಪ್ಯತೆಯ ಮಾತನ್ನು ಹೇಳಿದೆ. ಅವಳು ಉಗುರು ಕೆರೆದುಕೊಳ್ಳುತ್ತ ಸುಮ್ಮನಿದ್ದಳು. ನಾನೂ ಸುಮ್ಮನಿದ್ದೆ. ಎಷ್ಟು ಕಷ್ಟ ಗೊತ್ತೇ, ಬಾಯಿಗೆ ಬಂದ ನಾಲ್ಕು ಪ್ರಶ್ನೆಗಳನ್ನು ನುಂಗಿದೆ. ಕೊನೆಗೆ ಹೇಳಿದಳು: “ಶಾಲೆಯಲ್ಲಿ ನಾನೊಬ್ಬಳೇ ಆಗುತ್ತೇನೆ ಅಕ್ಕಾ. ಎಲ್ಲರೂ ಹೊಲದಲ್ಲೇ ಇದ್ದಾರೆ.”

ಓರಗೆಯ ಹುಡುಗಿಯರೆಲ್ಲ ಹೊಲದಲ್ಲಿದ್ದಾರೆ, ತರಗತಿಯಲ್ಲಿ ಅವಳ ಬೆಂಚು ಖಾಲಿ. “ಆಕೆಗೆ ಮನಸ್ಸಿಲ್ಲ” ಎಂದು ತಾಯಿ ಮೊದಲ ದಿನವೇ ಹೇಳಿದ್ದರಲ್ಲ, ಅದು ನಿಜವಾಗಿತ್ತು. ನಾನು ಅದನ್ನು ನೆಪ ಎಂದು ದಾಟಿಕೊಂಡು ಹೋಗಿದ್ದೆ.

ವರದಿಯನ್ನು ಎರಡು ಭಾಗ ಮಾಡಿ ಬರೆದೆ, ಅವರ ಮಾತು ಅವರದೇ ಪದಗಳಲ್ಲಿ, ನನ್ನ ಊಹೆ ಬೇರೆಯಾಗಿ. ಮೇಲ್ವಿಚಾರಕಿ ಮತ್ತೆ ಸುತ್ತು ಹಾಕಿದ್ದಾರೆ, ಈ ಸಲ ಒಂದೇ ಕಡೆ, “ಎಲ್ಲರೂ” ಎಂಬ ಪದಕ್ಕೆ. ಅಂಚಿನಲ್ಲಿ “ಎಷ್ಟು ಜನ?” ಎಂದಿದೆ.

ಅಂಕಿಅಂಶ
ಗುರುವಾರ, ರಾತ್ರಿ 10:41

ನಿಮ್ಮ ಮೇಲ್ವಿಚಾರಕಿ ನನ್ನ ಪಂಗಡದವರು. ಹಾಜರಿ ಪುಸ್ತಕ ನೋಡಿ. ಅದೇ ತರಗತಿಯ ಹುಡುಗಿಯರಲ್ಲಿ ಯಾರು ಯಾರು, ಯಾವ ವಾರದಿಂದ ಬಂದಿಲ್ಲ ಎಂದು ಪಟ್ಟಿ ಮಾಡಿ. ಒಂದು ಮನೆ ಎಂದರೆ ನಿಮ್ಮ ಸಂಸ್ಥೆ ಆ ತಾಯಿಗೆ ಬುದ್ಧಿ ಹೇಳಿ ಸುಮ್ಮನಾಗುತ್ತದೆ. ಒಂದೇ ವಾರದಲ್ಲಿ ಇಷ್ಟು ಬೆಂಚು ಖಾಲಿಯಾಯಿತು ಎಂದರೆ ಅದನ್ನು ಕಾರ್ಮಿಕ ಇಲಾಖೆ ಮತ್ತು ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಎದುರು ಇಡಬಹುದು, ಆ ತಾಯಿಯ ಹೆಸರು ಮುಂದೆ ಬರದಂತೆ. ಮುಂಗಡದ ವಿಷಯವನ್ನು ವರದಿಯಲ್ಲಿ ಹೇಗೆ ಬರೆಯಬೇಕು ಎಂದು ಮೊದಲು ಮೇಲ್ವಿಚಾರಕಿಯ ಜೊತೆ ಮಾತಾಡಿ.

ಮಂಗಳವಾರ_ಗುರುವಾರ
ಮಂಗಳವಾರ, ಸಂಜೆ 6:30

ನೋಡಿದೆ ಸರ್. ತರಗತಿಯಲ್ಲಿ ಹುಡುಗಿಯರು ಹದಿನಾಲ್ಕು. ಅವರಲ್ಲಿ ಒಂಬತ್ತು ಜನ ಎರಡು ವಾರಗಳ ಅಂತರದಲ್ಲಿ ಬರುವುದನ್ನು ನಿಲ್ಲಿಸಿದ್ದಾರೆ. ಮುಖ್ಯ ಶಿಕ್ಷಕರು ಪುಸ್ತಕ ಕೊಡುವಾಗ, “ಪ್ರತಿ ವರ್ಷ ಹೀಗೆಯೇ, ಹತ್ತಿ ಮುಗಿದ ಮೇಲೆ ಬರುತ್ತಾರೆ ಬಿಡಿ” ಎಂದರು. ಅದನ್ನು ಎಡಗಡೆ ಬರೆದುಕೊಂಡಿದ್ದೇನೆ.

ಗುರುವಾರ ಎರಡನೇ ಮನೆ. ಅದು ತಾಂಡಾದಲ್ಲಿದೆ, ಮನೆಯ ಹಿರಿಯರಿಗೆ ಲಂಬಾಣಿ ಬಿಟ್ಟು ಬೇರೆ ಭಾಷೆ ಅಷ್ಟಾಗಿ ಬರುವುದಿಲ್ಲವಂತೆ. ಹುಡುಗಿಗೆ ಕನ್ನಡ ಚೆನ್ನಾಗಿ ಬರುತ್ತದೆ, ಅವಳೇ ಹೇಳುತ್ತಾಳೆ ಎಂದು ಶಿಕ್ಷಕರು ಹೇಳಿದರು.

ಮಳೆಯೂರು
ಮಂಗಳವಾರ, ಸಂಜೆ 6:52

ಬೇಡವೇ ಬೇಡ. ಮಗುವಿನ ವಿಷಯವನ್ನು ಮಗುವಿನ ಬಾಯಲ್ಲೇ ಅನುವಾದ ಮಾಡಿಸಬಾರದು.

ಎಡದಂಡೆ
ಮಂಗಳವಾರ, ಸಂಜೆ 7:15

ಆ ತಾಂಡಾದ ಆಶಾ ಕಾರ್ಯಕರ್ತೆಯನ್ನು ಕೇಳಿ ನೋಡಿ. ಆದರೆ ಮೊದಲು ಆಕೆಯ ಮನೆಯವರಿಗೂ ಬೀಜದ ಹೊಲ ಇದೆಯೇ ಎಂದು ತಿಳಿದುಕೊಳ್ಳಿ.